ಸ್ಟಾರ್ಟ್ ಬಟನ್ ಬ್ರಹ್ಮಾವರಕ್ಕೆ ಬಂದು ಕೂತದ್ದು

ಕಂಪ್ಯೂಟರ್ ಪರದೆಯ ಸ್ಟಾರ್ಟ್ ಬಟನ್ನನ್ನು ಕೆಳಗಿನ ಎಡಮೂಲೆಯಿಂದ, ಅಂದರೆ ನೈಋತ್ಯದಿಂದ, ಎಬ್ಬಿಸಿ ನಡುವಿಗೆ ತಂದು ಕೂರಿಸಲು ಅಪ್ಪಣೆ ಕೊಟ್ಟವರು ಯಾರು ಎಂದು ನನ್ನನ್ನು ಕೇಳಿದವರು ಕುಂಭಾಶಿಯ ಒಬ್ಬ ಹೋಟೆಲ್ ಯಜಮಾನರು. ಆ ಅಪ್ಪಣೆ ಕುಂದಾಪುರದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಿಂದಲೇ ಹೊರಟಿದೆ ಎನ್ನುವಂತಿತ್ತು ಅವರ ಧಾಟಿ.

"ಹ್ವಾಯ್, ನೈಋತ್ಯ ಅಂದ್ರೆ ಯಜಮಾನ ಕೂಕಂಬ ಜಾಗ. ಇಷ್ಟ್ ವರ್ಷ ಬಟನ್ ಅಲ್ಲೇ ಇದ್ದಿತ್, ಯಾಪಾರ ಸಮಾ ಇದ್ದಿತ್. ಈಗ ನಡುಗ್ ತಂದ್ ಹಾಕಿದ್ರಿ. ನಡು ಅಂದ್ರೆ ಬ್ರಹ್ಮಸ್ಥಾನ, ಅಲ್ಲಿ ಎಂತದೂ ಇಡುಕಾಗ ಅಂದೇಳಿ ಗೊತ್ತಿಲ್ಯಾ ನಿಮ್ಗೆ?"

"ನಾ ಹಾಕದ್ದಲ್ಲ ಮಾರಾಯ್ರೆ, ಕಂಪನಿಯವ್ರ್ ಹಾಕದ್ದ್."

"ಕಂಪನಿಯವ್ರಿಗ್ ವಾಸ್ತು ಹೇಳುವರ್ ಯಾರೂ ಇಲ್ಯಾ?"

ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿಗೆ ನಮ್ಮೂರಲ್ಲಿ ಬರೀ 'ಸಿಸ್ಟಮ್' ಎನ್ನುತ್ತಾರೆ. ಹಳೆಯದಕ್ಕೆ ಇನ್ನು ಮುಂದೆ ರಕ್ಷಣೆ ಕೊಡುವುದಿಲ್ಲ, ಎಲ್ಲರೂ ಹೊಸದಕ್ಕೆ ಬನ್ನಿ ಎಂದು ಕಂಪನಿ ಹೇಳಿದ ಮೇಲೆ ನನ್ನ ಉದ್ಯೋಗವೇ ಬದಲಾಯಿತು. ಮೊದಲು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಆಮೇಲೆ ಮನುಷ್ಯರನ್ನು ಸಮಾಧಾನ ಮಾಡುವುದೇ ಕೆಲಸವಾಯಿತು. ಹೊಸ ಸಿಸ್ಟಮ್ ಬಂದರೆ ಹಾಳಾದ ಪ್ರಿಂಟರ್ ತಾನೇ ಸರಿಹೋಗುತ್ತದೆ ಎಂದು ನಂಬಿದವರಿದ್ದರು. ಮನೆಯ ಫೋಟೋಗಳೆಲ್ಲ ಅಮೆರಿಕಕ್ಕೆ ಹೋಗಿಬಿಡುತ್ತವೆ ಎಂದು ಹೆದರಿದವರಿದ್ದರು. ಹಾಕಿಸಿಕೊಂಡವರದೆಲ್ಲ ಒಂದೇ ಗೋಳು: ಕೈ ಅಭ್ಯಾಸಬಲದಿಂದ ಎಡಮೂಲೆಗೆ ಹೋಗುತ್ತದೆ, ಸ್ಟಾರ್ಟ್ ಒತ್ತಿದೆವು ಎಂದುಕೊಂಡರೆ ಹವಾಮಾನ ತೆರೆದುಕೊಳ್ಳುತ್ತದೆ. ಸಿಸ್ಟಮ್ ಶುರು ಮಾಡಲು ಹೋದವನಿಗೆ ಕುಂದಾಪುರದಲ್ಲಿ ಮೋಡ ಕವಿದಿದೆ ಎಂದು ತಿಳಿಯುತ್ತಿತ್ತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಮೋಡ ಕವಿದಿದ್ದರೆ ಕಿಟಕಿಯಲ್ಲಿ ನೋಡಿಕೊಳ್ಳುತ್ತೇವಲ್ಲ!

ಆ ದಿನಗಳಲ್ಲೇ ತ್ರಾಸಿಯಿಂದ ಸಂಬಂಧದ ಅಕ್ಕನ ಫೋನು ಬಂತು.

"ಹ್ವಾಯ್ ತಮ್ಮ, ಸ್ಕ್ರೀನಂಗೆ ಎಂತದೋ ನೋಟೀಸ್ ಬತ್ತಾ ಇತ್. ಇನ್ ಹೆಚ್ಚ್ ದಿನ ಇಲ್ಲೆ, ಜೀವ ಹೋಪುಕಾಯ್ತ್ ಅಂದೇಳಿ. ನಂದಲ್ಲ, ಕಂಪ್ಯೂಟರಿಂದ್."

ಅಕ್ಕ ಮದುವೆ ಸಂಬಂಧ ಕೂಡಿಸುವವರು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆಣ್ಣು-ಗಂಡು ಇರುವ ಮನೆಯವರಿಗೆಲ್ಲ ಅವರು ಗೊತ್ತು. ಮೊದಲು ಬಗಲಿಗೆ ಚೀಲ ಹಾಕಿಕೊಂಡು, ಅದರಲ್ಲಿ ಫೋಟೋ, ಜಾತಕ ತುಂಬಿಕೊಂಡು ಬಸ್ಸಿನಲ್ಲಿ ಊರೂರು ತಿರುಗುತ್ತಿದ್ದರು. ಮಂಡಿ ನೋವು ಬಂದ ಮೇಲೆ ಅಳಿಯ ಒಂದು ಕಂಪ್ಯೂಟರ್ ತಂದುಕೊಟ್ಟ. ಅಂದಿನಿಂದ ತಿರುಗಾಟವೆಲ್ಲ ಅದರೊಳಗೇ. ನನಗೆ ಮದುವೆಯಾಗಿಬಿಟ್ಟಿದೆ ಎಂಬ ಒಂದು ಬೇಸರ ಬಿಟ್ಟರೆ ನನ್ನ ಮೇಲೆ ಅವರಿಗೆ ಪ್ರೀತಿಯೇ.

ಅವರ ಡೆಸ್ಕ್‌ಟಾಪನ್ನು ಮೊದಲ ಸಲ ನೋಡಿದಾಗ ನಾನು ಬೈದಿದ್ದೆ. ಪರದೆ ತುಂಬ ಹಳದಿ ಫೋಲ್ಡರುಗಳು, ಒಂದಕ್ಕೂ ಹೆಸರಿಲ್ಲ. ಎಲ್ಲದರ ಕೆಳಗೂ ಕಂಪ್ಯೂಟರ್ ತಾನಾಗಿ ಕೊಟ್ಟ 'ನ್ಯೂ ಫೋಲ್ಡರ್' ಮತ್ತು ಒಂದು ನಂಬರು. ಹೆಸರು ಬರೆದಿಡಿ ಎಂದರೆ ಅವರು ನನ್ನನ್ನೇ ಮಗುವಿನ ಹಾಗೆ ನೋಡಿದರು.

"ಹೆಸ್ರ್ ಬರದ್ರೆ ಹೋಯ್ತ್ ಮಾರಾಯ. ಇಲ್ಲಿ ಬಪ್ಪರ ಕಣ್ಣ್ ನನ್ನ ಮೋರೆ ಮೇಲೆ ಇರತ್ತಾ? ಸ್ಕ್ರೀನ್ ಮೇಲೆ ಇರತ್ತ್. ಇಂತವ್ರ ಮಗ್ಳಿಗ್ ಹುಡುಕ್ತಾ ಇದ್ರ್ ಅಂದೇಳಿ ಕಂಡ್ರೆ ಸಾಕ್, ನಾ ಮೀನ್ ಮಾರ್ಕೆಟಿಗ್ ಹೋಪುದ್ರೊಳ್ಗೆ ಸುದ್ದಿ ಅಲ್ಲಿರತ್ತ್."

"ಮತ್ತೆ ನಿಮ್ಗ್ ಹ್ಯಾಂಗ್ ಗೊತ್ತಾತ್ತ್, ಯಾರದ್ ಯಾವ್ದ್ ಅಂದೇಳಿ?"

"ಅವ್ರವ್ರ್ ಅವ್ರವ್ರ ಊರಂಗೇ ಇದ್ರಲೆ!"

ಆಗ ನನಗೆ ಕಂಡಿತು. ಆ ಪರದೆ ನಮ್ಮ ಸೀಮೆಯೇ. ಎಡ ಅಂಚು ಸಮುದ್ರ, ಪಡು. ಬಲ ಅಂಚು ಘಟ್ಟದ ಬುಡ, ಮೂಡು. ಮೇಲೆ ಬೈಂದೂರು, ಬಡಗು. ಕೆಳಗೆ ಬ್ರಹ್ಮಾವರ, ತೆಂಕು. ಮುಂಬೈಯಲ್ಲಿ ಹೋಟೆಲ್ ಇಟ್ಟ ಗಂಡುಗಳು ಬೈಂದೂರಿಗಿಂತಲೂ ಮೇಲೆ, ಪರದೆಯ ನೆತ್ತಿಯಲ್ಲಿ. ದುಬೈಯವರು ಎಡ ತುದಿಗೆ ಅಂಟಿಕೊಂಡು ಸಮುದ್ರದೊಳಗೆ. ಫೋಲ್ಡರ್ ತೆರೆದರೆ ಒಳಗೆ ಒಂದು ಫೋಟೋ, ಒಂದು ಜಾತಕ. ಅವೂ ಚಿತ್ರವಾಗಿ ಕಾಣದಂತೆ ಬರೀ ನಂಬರಿನ ಸಾಲಾಗಿ ತೋರುವ ಹಾಗೆ ಮಾಡಿಸಿಕೊಂಡಿದ್ದರು. ಅದೂ ಗುಟ್ಟಿಗಾಗಿಯೇ. ಮದುವೆ ನಿಶ್ಚಯವಾದ ದಿನ ಹೆಣ್ಣಿನ ಫೋಲ್ಡರನ್ನು ಎಳೆದುಕೊಂಡು ಹೋಗಿ ಗಂಡಿನದರೊಳಗೆ ಹಾಕುತ್ತಿದ್ದರು. ಗಂಡು ಮನೆ ಅಳಿಯನಾಗುವುದಾದರೆ ಅವನನ್ನು ಎಳೆದು ತಂದು ಹೆಣ್ಣಿನದರೊಳಗೆ. ಅಲ್ಲಿಗೆ ಅಕ್ಕನ ಕೆಲಸ ಮುಗಿಯಿತು.

ಬಲ ಅಂಚಿನ ತೀರಾ ತುದಿಯಲ್ಲಿ ಒಂಟಿಯಾಗಿದ್ದ ಫೋಲ್ಡರು ಕೆರಾಡಿಯ ಒಬ್ಬ ಕೃಷಿಕನದು. ಜಾಗ ಇದೆ, ಜೀಪು ಇದೆ, ಕೆಟ್ಟ ಚಟ ಒಂದೂ ಇಲ್ಲ, ವಯಸ್ಸು ಮಾತ್ರ ಮದುವೆ ಮಾರುಕಟ್ಟೆಯಲ್ಲಿ ಜಾರುತ್ತಿದೆ. ಎಲ್ಲ ಕೇಳಿ ತಲೆದೂಗಿದ ಹೆಣ್ಣಿನ ಕಡೆಯವರು ಕೊನೆಗೆ ಊರು ಕೇಳುವರು. "ಕೆರಾಡಿಯಾ?" ಎನ್ನುವರು. ಕಾಡಿನ ಅಂಚು, ರಾತ್ರಿ ಚಿರತೆ ಬರುತ್ತದಂತೆ ಎನ್ನುವರು. ಆಮೇಲೆ ಫೋನು ಎತ್ತುವುದಿಲ್ಲ. ಈಗ ಕೊನೆಗೂ ಬ್ರಹ್ಮಾವರದ ಒಂದು ಮನೆಯವರು ಹುಡುಗನ ಫೋಟೋ, ಜಾತಕ ಕಳಿಸಿಕೊಡಿ, ನೋಡುವ ಎಂದಿದ್ದರು. ಆ ಮನೆಯಲ್ಲಿ ಹುಡುಗಿಯ ಸೋದರಮಾವನ ಮಾತೇ ಮಾತು. ಮುಂಬೈಯಲ್ಲಿ ಹೋಟೆಲ್ ನಡೆಸುವ ಅವರು ರಜೆಯಲ್ಲಿ ಊರಿಗೆ ಬಂದಿದ್ದರು, ಭಾನುವಾರ ವಾಪಸು. ಅವರು ರೈಲು ಹತ್ತುವುದರೊಳಗೆ ಒಪ್ಪಿಗೆ ಸಿಗದಿದ್ದರೆ ಹುಡುಗಿಗೆ ಮುಂಬೈಯಲ್ಲೇ ಗಂಡು ನೋಡುವುದೆಂದು ತೀರ್ಮಾನವಾಗಿತ್ತು.

"ಭಾನುವಾರ ಕಳೀಲಿ ಅಕ್ಕ, ಆಮೇಲೆ ಹೊಸ ಸಿಸ್ಟಮ್ ಹಾಕುವ" ಎಂದೆ.

"ಅಷ್ಟ್ರೊಳ್ಗೆ ಇದ್ ಸತ್ತ್ ಹೋದ್ರೆ? ದಿನಾ ನೋಟೀಸ್ ಬತ್ತಾ ಇತ್ತಲ್ಲೆ! ಮತ್ತೆ ಹೊಸ್ತ್ರಂಗೆ ಬಾಯಂಗ್ ಕೇಂಡ್ರೆ ಉತ್ರ ಹೇಳತ್ತ್ ಅಂಬ್ರ್. ಹಂಗಾರ್ ಜಾತಕವೂ ಅದೇ ಕೂಡ್ಸಿ ಕೊಡ್ಲಿ."

ಹೆದರಿಕೆ ಒಂದು ಕಡೆ, ಆಸೆ ಇನ್ನೊಂದು ಕಡೆ. ಎರಡೂ ಸೇರಿದ ಮೇಲೆ ನನ್ನ ಮಾತು ನಡೆಯಲಿಲ್ಲ. ಸ್ಕೂಟರ್ ಹತ್ತಿ ತ್ರಾಸಿಗೆ ಹೋದೆ.

ಅಕ್ಕನ ಮನೆ ಹೆದ್ದಾರಿಯ ಪಡು ಬದಿಗೆ. ಹೊರಗಿನ ಕೋಣೆಯಲ್ಲಿ ಬಡಗಿನ ಗೋಡೆಗೆ ತಾಗಿಸಿ ಕಂಪ್ಯೂಟರ್ ಮೇಜು. ಕೂತರೆ ಎಡಗಡೆ ಕಿಟಕಿ, ಕಿಟಕಿಯಾಚೆ ಸಮುದ್ರದ ಶಬ್ದ. ಬೆಲ್ಲ ನೀರು ಕುಡಿದು ಕೆಲಸ ಶುರು ಮಾಡಿದೆ. ಫೈಲುಗಳನ್ನೆಲ್ಲ ಹೊರಗಿನ ಒಂದು ಡಿಸ್ಕಿಗೆ ನಕಲು ತೆಗೆದೆ. ಯಂತ್ರ ಹೊಸ ಸಿಸ್ಟಮ್ಮಿಗೆ ತಕ್ಕದ್ದೇ ಎಂದು ಪರೀಕ್ಷೆ ಮಾಡಿದೆ. ಪಾಸಾಯಿತು. ಆದರೆ ಆ ಗೋಡೆಯ ಪ್ಲಗ್ ಪಾಯಿಂಟ್ ಸಡಿಲ, ಮುಟ್ಟಿದರೆ ಚಟಪಟ ಕಿಡಿ. ನಡುವೆ ಕರೆಂಟ್ ತಪ್ಪಿದರೆ ಅರ್ಧ ಹಳೆಯದು ಅರ್ಧ ಹೊಸದು ಆಗಿ ಯಂತ್ರ ಕೂರುತ್ತದೆ, ಆಮೇಲೆ ದೇವರೇ ಗತಿ. ಇನ್ವರ್ಟರಿನ ಲೈನು ಎದುರು ಗೋಡೆಯಲ್ಲಿತ್ತು. ಮೇಜನ್ನು ಅಲ್ಲಿಗೆ ಎಳೆದು, ಆ ಗೋಡೆಗೆ ತಾಗಿಸಿ ಇಟ್ಟೆ.

ಅಪ್‌ಗ್ರೇಡ್ ಓಡುತ್ತಿದ್ದಾಗ ಅಕ್ಕನ ಫೋನಿಗೆ ಕೆರಾಡಿಯ ಮಾಣಿಯ ಕರೆ ಬಂತು. ಅಕ್ಕ ಸ್ಪೀಕರಿಗೆ ಹಾಕಿದರು.

"ಅಕ್ಕ, ಹೊಸ ಸಿಸ್ಟಮ್ ಹಾಕುದ್ ಅಂಬ್ರಲೆ. ಹಾಕುವತಿಗೆ ನನ್ನ ಫೋಲ್ಡರ್ ಒಂಚೂರ್ ಪಡು ಬದಿಗೆ ಸರ್ಸ್ಲಕ್ಕಾ?"

"ಎಂತಕೆ?"

"ಹೈವೇ ಹತ್ರ ಬ್ಯಾಡ. ವಂಡ್ಸೆ ತನ್ಕ ಆದ್ರೂ ಸಾಕ್. ಅಷ್ಟ್ ತುದಿಯಂಗೆ ಕೂಕಂಡ್ರೆ ಯಾರಿಗೂ ಕಾಂತಿಲ್ಲೆ ಅಂದೇಳಿ."

"ಊರ್ ಸರ್ಸುಕಾತ್ತಾ ಮಾಣಿ? ಇಪ್ಪಲ್ಲೇ ಇರ್. ನಾ ಇಲ್ಯಾ?"

ಹೊಸ ಸಿಸ್ಟಮ್ಮಿನ ಬಗ್ಗೆ ಜನರ ನಿರೀಕ್ಷೆಗಳನ್ನು ನಾನು ಬೇಕಾದಷ್ಟು ಕೇಳಿದ್ದೆ. ವೇಗ ಬೇಕು, ಅಂದ ಬೇಕು, ವೈರಸ್ ಬರಬಾರದು. ವಂಡ್ಸೆಯವರೆಗೆ ಸರಿಸಿ ಎಂದವನು ಇವನೊಬ್ಬನೇ. ನಗು ಬಂತು. ನಕ್ಕ ಮೇಲೆ ಪಾಪ ಅನ್ನಿಸಿತು.

ಶೇಕಡಾ ಅಂಕಿ ಒಂದು ಕಡೆ ನಿಂತು ಅಲುಗದೇ ಹೋದಾಗ ಅಕ್ಕ ದೇವರಿಗೆ ಪಂಚಕಜ್ಜಾಯ ಹೇಳಿಕೊಂಡರು. ಅಂಕಿ ಮುಂದೆ ಹೋಯಿತು. ಯಂತ್ರ ಎರಡು ಮೂರು ಸಲ ಸತ್ತು ಹುಟ್ಟಿತು. ಕೊನೆಗೆ ಪರದೆ ಬೆಳಗಿತು. ಮೊದಲು ಎಲ್ಲ ದಪ್ಪ ದಪ್ಪ, ಆಮೇಲೆ ಡಿಸ್‌ಪ್ಲೇ ಡ್ರೈವರ್ ಎಂಬ, ಪರದೆ ನಡೆಸುವ ತಂತ್ರಾಂಶ ಕೂತು ಸಣ್ಣದಾಯಿತು. ಆ ದಪ್ಪ ಅಕ್ಷರದ ಗಳಿಗೆಯಲ್ಲೇ ಅನಾಹುತ ನಡೆದುಹೋಗಿತ್ತು. ಜಾಗ ಸಾಲದೆ ಸಿಸ್ಟಮ್ಮು ಫೋಲ್ಡರುಗಳನ್ನೆಲ್ಲ ಒಟ್ಟಿ, ನಂಬರಿನ ಪ್ರಕಾರ ಎಡಗಡೆಯಿಂದ ಸಾಲಾಗಿ ನಿಲ್ಲಿಸಿಬಿಟ್ಟಿತ್ತು. ಬೈಂದೂರು, ಬ್ರಹ್ಮಾವರ, ಕೆರಾಡಿ, ಮುಂಬೈ ಎಲ್ಲ ಕಲಸಿಕೊಂಡು ಸಮುದ್ರಕ್ಕೆ ಬಿದ್ದಿದ್ದವು.

"ಒಂದ್ ಫೈಲೂ ಹೋಯ್ಲಿಲ್ಲೆ ಅಕ್ಕ" ಎಂದು ಎದೆ ತಟ್ಟಿ ಹೇಳಿದೆ.

"ಫೈಲ್ ಹೋಪುದ್ ಎಂತ ಮಾರಾಯ, ಊರೇ ಹೋಯ್ತಲೆ!"

ಅಷ್ಟರಲ್ಲಿ ಅವರ ಕಣ್ಣು ಕೆಳಗೆ ಹೋಯಿತು. "ಇದೆಂತದ್? ಮೊದ್ಲ್ ಈ ಬಟನ್ ಮೂಲೆಯಂಗೆ, ಸಮುದ್ರದಂಗೆ ಇದ್ದಿತ್. ಯಾರಿಗೂ ಅಡ್ಡ ಇರ್ಲಿಲ್ಲೆ. ಈಗ ಸಮಾ ಬ್ರಹ್ಮಾವರದಂಗೆ ಬಂದ್ ಕೂಕಂಡಿತ್!"

ಒತ್ತಿ ನೋಡಿದರು. ಮೆನು ತೆರೆದು, 'ರೆಕಮೆಂಡೆಡ್' ಎಂಬ ತಲೆಬರಹದ ಕೆಳಗೆ ಅವರು ಇತ್ತೀಚೆಗೆ ತೆರೆದು ನೋಡಿದ ಫೋಟೋಗಳನ್ನೆಲ್ಲ ಸಾಲಾಗಿ ಮೆರವಣಿಗೆ ಹೊರಡಿಸಿತು. ಅಕ್ಕ ಸೆರಗಿನಿಂದ ಪರದೆ ಮುಚ್ಚಿದರು. "ಹೆಣ್ಣಿನ ಅಬ್ಬೆ ಬಗಲಂಗೆ ಕೂಕಂಡಿಪ್ಪತಿಗೆ ಇದ್ ಬಂದ್ರೆ ಎಂತ ಮಾಡೂದ್? ಯಾರ್ ರೆಕಮೆಂಡ್ ಮಾಡದ್ ಇವ್ರನ್ನ್? ನಾನಾ?"

ಅವೆರಡೂ ಸುಲಭದ ಕೆಲಸ. ಸೆಟ್ಟಿಂಗಿಗೆ ಹೋಗಿ ಆ ಮೆರವಣಿಗೆ ನಿಲ್ಲಿಸಿದೆ, ಬಟನ್ನನ್ನು ಎಡಮೂಲೆಗೆ ಇಳಿಸಿದೆ. ಅಂದು ನನ್ನ ಗೆಲುವು ಅಷ್ಟೇ. ಹೊಸ ಸಿಸ್ಟಮ್ಮಿನಿಂದ ಹಳೆಯದಕ್ಕೆ ಮರಳುವ ದಾರಿಯೂ ಒಂದಿದೆ, ಅದನ್ನೂ ಹಿಡಿದೆ. ಹಳೆ ಮುಖ ಬಂತು, ಹಳೆ ಬಣ್ಣ ಬಂತು, ಫೋಲ್ಡರುಗಳು ಮಾತ್ರ ಸಮುದ್ರದಲ್ಲೇ ಇದ್ದವು. ಅವು ಎಲ್ಲೆಲ್ಲಿ ಕೂತಿದ್ದವು ಎಂಬ ನೆನಪನ್ನೇ ಯಂತ್ರ ಅಳಿಸಿ ಹಾಕಿತ್ತು. ಮತ್ತೆ ಹೊಸದನ್ನೇ ಹಾಕಿದೆ. ಇನ್ನು ಉಳಿದದ್ದು ಒಂದೇ ಉಪಾಯ: ಒಂದೊಂದೇ ಫೋಲ್ಡರ್ ತೆರೆಯುವುದು, ಮುಖ ತೋರಿಸುವುದು, ಅಕ್ಕ ಹೇಳಿದಲ್ಲಿಗೆ ಕೊಂಡುಹೋಗಿ ಇಡುವುದು.

"ಇದ್ ಕೋಟೇಶ್ವರದ್ ಹೆಣ್. ಚಂದ ಇತ್, ಹಟವೂ ಇತ್. ತೆಂಕ್ ಬದಿಗೆ. ಇವ್ನ್ ಕುಡಿತಿಲ್ಲೆ, ಮಾತೂ ಆಡ್ತಿಲ್ಲೆ. ಮೂಡ್ ಬದಿಗೆ ಹಾಕ್. ಇದ್ ಬೈಂದೂರಿಂದ್, ಬಡಗ್ ಬದಿಗೆ."

ಹೇಳುವಾಗ ಅವರ ಕೈಯೂ ಆ ದಿಕ್ಕಿಗೆ ಹೋಗುತ್ತಿತ್ತು. ಕೈ ತೋರಿಸಿದ ಕಡೆಗೆ ನಾನು ಎಳೆದು ಇಟ್ಟೆ. ಪಕ್ಕದಲ್ಲಿ ಗ್ಲಾಸು ತುಂಬ ಚಹಾ, ತಟ್ಟೆ ತುಂಬ ಗೋಳಿಬಜೆ. ಸಂಜೆಯಾಗುವಾಗ ಸೀಮೆ ಮತ್ತೆ ಪರದೆ ತುಂಬ ಹರಡಿಕೊಂಡಿತು. ಮೇಜು ಹೊಸ ಜಾಗದಲ್ಲೇ ಇರಲಿ, ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆ ಎಂದು ಹೇಳಿ, ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಮನೆಗೆ ಹೋದೆ.

ಮರುದಿನ ಕುಂಭಾಶಿಯ ಹೋಟೆಲಿನಲ್ಲಿ ಬಟನ್ನನ್ನು ನೈಋತ್ಯಕ್ಕೆ ಸಾಗಿಸುವ ಕೆಲಸದಲ್ಲಿದ್ದಾಗ ಫೋನು ಬಂತು.

"ತಮ್ಮ, ಎಲ್ಲ ಹಾಳಾಯ್ತ್. ಕೂಡ್ಲೇ ಬಾ."

ನಡೆದದ್ದು ಇಷ್ಟು. ಅಕ್ಕ ಬೆಳಿಗ್ಗೆ ಕೆರಾಡಿಯದೆಂದು ಒಂದು ಫೋಲ್ಡರಿಗೆ ಹೋಗಿ, ಒಳಗಿನ ಫೋಟೋ, ಜಾತಕದ ಎರಡೂ ಸಾಲುಗಳನ್ನು ತೆರೆದು ನೋಡದೆಯೇ ಎಳೆದು ಬ್ರಹ್ಮಾವರದ ಸೋದರಮಾವನಿಗೆ ಕಳಿಸಿದ್ದರು. ಅಷ್ಟರಲ್ಲಿ ಹೊರಗೆ ಯಾರೋ ಬಂದರೆಂದು ಅಭ್ಯಾಸದಂತೆ ಪರದೆ ಮುಚ್ಚಿ ಎದ್ದಿದ್ದರು. ಆದರೆ ಹೋದ ಫೋಟೋ ಕೆರಾಡಿಯವನದಲ್ಲ, ಮರವಂತೆಯ ಕಡಲ ಬದಿಯ ಒಬ್ಬ ಮಾಣಿಯದು. ಅವನ ಫೋಟೋ ಯಾರಿಗೆ ಹೋದರೂ ನಡೆಯುತ್ತಿತ್ತು, ಆ ಮನೆಗೆ ಮಾತ್ರ ಹೋಗಬಾರದಿತ್ತು. ಹಿಂದೊಮ್ಮೆ ಅದೇ ಹುಡುಗಿಯನ್ನು ನೋಡಲು ಹೋಗಿದ್ದಾಗ ಆ ಮಾಣಿಯ ಅಪ್ಪ ಊಟಕ್ಕೆ ಕೂತು, ಕೋಳಿ ಸುಕ್ಕಕ್ಕೆ ಕೊತ್ತಂಬರಿ ಹೆಚ್ಚಾಯಿತು ಎಂದಿದ್ದ. ಆ ಸುಕ್ಕವನ್ನು ಕೈಯಾರೆ ಮಾಡಿದವರು ಮುಂಬೈಯಲ್ಲಿ ಅದನ್ನೇ ಮಾರಿ ಮೇಲೆ ಬಂದ ಸೋದರಮಾವ. ಸಂಬಂಧ ಎಲೆಯ ಮುಂದೆಯೇ ಮುರಿದಿತ್ತು.

ಅವರು ಕಳಿಸಿದ ಧ್ವನಿ ಸಂದೇಶವನ್ನು ಅಕ್ಕ ನನಗೆ ಕೇಳಿಸಿದರು. "ಅಕ್ಕ, ಕೊತ್ತಂಬ್ರಿಯವ್ನ ಮಗನ ಮೋರೆ ಮತ್ತೊಂದ್ ಸಲ ಕಾಂಬುಕೆ ನಾ ಮುಂಬೈಯಿಂದ ಬಂದದ್ದಾ? ಇನ್ ನಿಮ್ಮ ಒಂದ್ ಫೋಟೋವೂ ಬ್ಯಾಡ ನಮ್ಗೆ."

ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಹೇಳಿದ್ದು ಇದು: "ಸರಿ ಕಂಡ್ ಒತ್ತುಕಾತಿಲ್ಯಾ ಅಕ್ಕ? ನಿನ್ನೆ ನೀವೇ ಹೇಳಿ ಇಡ್ಸಿದ್ದಲ್ದಾ?"

"ನಾ ಸಮಾ ಮೂಡ್ ಬದಿಗೇ ಹೋಯ್ದೆ ಮಾರಾಯ!" ಅಕ್ಕನಿಗೆ ಅಳುವೇ ಬಂದಿತ್ತು. "ಕೆರಾಡಿ ಜಾಗದಂಗೆ ಈ ಕಡಲ ಬದಿಯವ್ನ್ ಯಾಕ್ ಬಂದ್ ಕೂಕಂಡ?"

ನಾನು ನೋಡಿದೆ. ಕೆರಾಡಿಯ ಫೋಲ್ಡರ್ ಎಡ ತುದಿಯಲ್ಲಿ, ನಾನು ನಿನ್ನೆ ಇಟ್ಟಲ್ಲೇ ಇತ್ತು. ಅಕ್ಕ ಹೋದದ್ದು ಬಲ ತುದಿಗೆ. ಫೋಲ್ಡರುಗಳನ್ನು ದೊಡ್ಡದು ಮಾಡಿದೆ. ಮತ್ತೂ ತಪ್ಪಿದರು. ಹೆಸರಿನ ಬದಲು ಬರೀ ಒಂದಕ್ಷರವಾದರೂ ಇಡುವ ಎಂದೆ, ಒಪ್ಪಲಿಲ್ಲ. ಮೌಸ್ ಬದಲಿಸಿದೆ. ನಡುವೆ ಕೆರಾಡಿಯಿಂದ ಫೋನು: "ಅಕ್ಕ, ಕಳ್ಸಿದ್ರ್ಯಾ? ಎಂತ ಅಂದ್ರ್?" ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟರು. ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಇಟ್ಟೆ. ಆಗ ನನಗೆ ನಿಜವಾಗಿಯೂ ಬೇಸರವಾಯಿತು. ಅವನೇನು ಕೇಳಿದ್ದ? ಸ್ವಲ್ಪ ಪಡುವಿಗೆ ಸರಿಸಿ ಎಂದಿದ್ದ, ಅಷ್ಟೇ.

ನಮ್ಮ ಕಸುಬಿನಲ್ಲಿ ಒಂದು ಚಾಳಿ ಇದೆ. ಏನು ಕೆಟ್ಟಿದೆ ಎಂದು ಗೊತ್ತಿಲ್ಲದಾಗಲೂ ಕೈ ಸುಮ್ಮನಿರುವುದಿಲ್ಲ, ಏನನ್ನಾದರೂ ತಿರುಗಿಸುತ್ತಲೇ ಇರುತ್ತದೆ. ಅಂದು ಮಾತ್ರ ಮೌಸ್ ಬಿಟ್ಟೆ. ಒಂದು ಸ್ಟೂಲು ಎಳೆದುಕೊಂಡು ಅಕ್ಕನ ಪಕ್ಕ ಕೂತೆ. ಯಂತ್ರ ನೋಡುವುದು ಬೇಡ, ಅಕ್ಕನನ್ನೇ ನೋಡುವ ಎಂದುಕೊಂಡೆ.

"ಬೈಂದೂರಿನ ಹೆಣ್ಣ್ ತೋರ್ಸಿ ಅಕ್ಕ."

ಅವರ ಕೈ ಮೌಸನ್ನು ಮೇಲಕ್ಕೆ ಒಯ್ದಿತು. ಅದೇ ಹೊತ್ತಿಗೆ ಅವರ ಕುತ್ತಿಗೆ ಗರಕ್ಕನೆ ಹಿಂದಕ್ಕೆ ತಿರುಗಿ ಬಾಗಿಲ ಕಡೆ ನೋಡಿತು.

"ಹಿಂದೆ ಎಂತ ಕಾಂತ್ರಿ?"

"ಬೈಂದೂರ್ ಅಲ್ಲಲ್ದಾ ಇಪ್ದ್?"

"ಕೆರಾಡಿ?"

ಕೈ ಬಲಕ್ಕೆ, ಗಲ್ಲ ಎಡಕ್ಕೆ. ನಡುವೆ ಅಕ್ಕ ಸಿಕ್ಕಿಹಾಕಿಕೊಂಡ ಹಾಗೆ ಕೂತರು. ಆಮೇಲೆ ನಿಧಾನ ಹೇಳಿದರು. "ನಿನ್ನೆಯಿಂದ ತಲೆ ಸಮಾ ಇಲ್ಲೆ ತಮ್ಮ. ಸಮುದ್ರದ ಶಬ್ದ ಬಲ್ಗಿವಿಗೆ ಬತ್ತಾ ಇತ್."

ನಾನು ಎದ್ದು ನಿಂತೆ. ಇಷ್ಟು ವರ್ಷ ಅಕ್ಕ ಬಡಗಿಗೆ ಮುಖ ಮಾಡಿ ಕೂತವರು. ಅವರ ಎಡಗೈ ಕಡೆಗೇ ನಿಜವಾದ ಕಡಲು, ಬಲಗೈ ಕಡೆಗೇ ನಿಜವಾದ ಕೆರಾಡಿ. ಪ್ಲಗ್ಗಿನ ನೆಪದಲ್ಲಿ ಮೇಜನ್ನು ಎದುರು ಗೋಡೆಗೆ ಒಯ್ದು ಅವರನ್ನು ತೆಂಕಿಗೆ ತಿರುಗಿಸಿದವನು ನಾನು. ನಿನ್ನೆ ಜೋಡಿಸುವಾಗ ಅವರು ತಲೆಯಲ್ಲಿದ್ದ ದಿಕ್ಕಿನಂತೆ ಹೇಳಿದ್ದರು: ಮೂಡು ಎಂದು ಎಡಕ್ಕೆ, ಬಡಗು ಎಂದು ಬೆನ್ನ ಹಿಂದಕ್ಕೆ, ಅಂದರೆ ಪರದೆಯ ಕೆಳಕ್ಕೆ, ಕೈ ತೋರಿಸಿದ್ದರು. ಅದು ಸರಿಯೇ. ನಾನೂ ಇದೇ ನೆಲದವನಾದ್ದರಿಂದ ನನಗೂ ಎಲ್ಲಿಯೂ ಅನುಮಾನ ಬರಲಿಲ್ಲ. ಇವತ್ತು ಅವರ ಕೈ ಹಳೆ ಅಭ್ಯಾಸದಂತೆ ಬಲಕ್ಕೆ ಹೋಗಿತ್ತು. ಅದೂ ಸರಿಯೇ. ಇಲ್ಲಿ ಕುಣಿಯುವವರು ಚೆನ್ನಾಗಿಯೇ ಕುಣಿಯುತ್ತಿದ್ದರು, ನೆಲವೇ ಡೊಂಕಾಗಿತ್ತು. ಹೊಸ ಸಿಸ್ಟಮ್ಮಿಗೆ, ಅದನ್ನು ಮಾಡಿದ ಕಂಪನಿಗೆ ಎರಡು ದಿನ ನಾನು ಹಾಕಿದ ಶಾಪದಲ್ಲಿ ಅರ್ಧ ನನಗೇ ಸಲ್ಲಬೇಕಿತ್ತು.

"ಏಳಿ ಅಕ್ಕ, ಮೇಜ್ ತಿರ್ಗ್ಸುವ" ಎಂದೆ.

ಮೊದಲು ಬಡಗಿನ ಗೋಡೆಯ ಪ್ಲಗ್ ಪಾಯಿಂಟ್ ಬಿಚ್ಚಿ ಹೊಸತು ಹಾಕಿದೆ. ಮೊದಲ ದಿನವೇ ಮಾಡಬಹುದಾಗಿದ್ದ ಕೆಲಸ. ಮೇಜು ಹಳೆ ಜಾಗಕ್ಕೆ ಹೋಯಿತು. ಈಗ ಪರದೆಯ ಸೀಮೆ ಪೂರಾ ತಲೆಕೆಳಗು. ಪರದೆಯನ್ನೇ ಉಲ್ಟಾ ತೋರಿಸುವ ಒಂದು ಆಜ್ಞೆ ಸಿಸ್ಟಮ್ಮಿನಲ್ಲಿದೆ, ಒಂದು ಕ್ಷಣ ಆಸೆಯೂ ಆಯಿತು. ಆದರೆ ಮದುವೆ ಗಂಡುಗಳೆಲ್ಲ ಶೀರ್ಷಾಸನ ಹಾಕಿ ನಿಂತಾರು ಎಂದು ಬಿಟ್ಟೆ. ಮತ್ತೆ ಒಂದೊಂದೇ ಎಳೆದು ಇಟ್ಟೆವು. ಈ ಸಲ ಮೌಸ್ ಹಿಡಿದವರು ಅಕ್ಕ, ಮುಖ ತೆರೆದು ತೋರಿಸುವುದಷ್ಟೇ ನನ್ನ ಕೆಲಸ. ಕಿವಿಗೆ ಸಮುದ್ರ ಸರಿಯಾದ ಕಡೆಯಿಂದ ಕೇಳುತ್ತಿದ್ದ ಕಾರಣವೋ ಏನೋ, ಅವರ ಕೈ ಒಂದು ಸಲವೂ ತಡವರಿಸಲಿಲ್ಲ. ಮುಗಿದ ಮೇಲೆ ಫೋಲ್ಡರುಗಳ ಜಾಗವನ್ನು ನೆನಪಿಟ್ಟುಕೊಳ್ಳುವ ಒಂದು ಸಣ್ಣ ತಂತ್ರಾಂಶವನ್ನೂ ಹಾಕಿದೆ.

ಸೀಮೆ ಸರಿಯಾಯಿತು. ಸೋದರಮಾವ ಸರಿಯಾಗಬೇಕಲ್ಲ.

"ನಂಬರ್ ಯಾರೋ ಹ್ಯಾಕ್ ಮಾಡಿರ್ ಅಂದೇಳಿ ಹೇಳಿ" ಎಂದು ನಾನು ಬುದ್ಧಿ ಹೇಳಿದೆ.

ಅಕ್ಕ ಫೋನು ಕೈಗೆ ತೆಗೆದುಕೊಂಡರು. "ಸಾವ್ರ ಸುಳ್ ಹೇಳಿ ಒಂದ್ ಮದಿ ಮಾಡ್ ಅಂಬ್ರ್. ಆ ಸುಳ್ಳೆಲ್ಲ ನಾ ಹೇಳಿ ಮುಗ್ಸಿದೆ ತಮ್ಮ. ಇದಕ್ಕ್ ಒಂದ್ ಸತ್ಯ ಹೇಳಿ ಕಾಂಬ."

ಫೋನು ಹಚ್ಚಿದರು. ಸೋದರಮಾವ ಎರಡು ಸಲ ಕಟ್ ಮಾಡಿದರು, ಮೂರನೇ ಸಲ ಎತ್ತಿದರು. ಆ ಕಡೆಯಿಂದ ಕೊತ್ತಂಬರಿ ಎಂಬ ಮಾತು ಹೊರಡುವ ಮೊದಲೇ ಅಕ್ಕ ಎಲ್ಲ ಹೇಳಿಬಿಟ್ಟರು: ಹೊಸ ಸಿಸ್ಟಮ್ ಹಾಕಿಸಿದ್ದು, ಫೋಲ್ಡರೆಲ್ಲ ಸಮುದ್ರಕ್ಕೆ ಬಿದ್ದದ್ದು, ಬಟನ್ ಬ್ರಹ್ಮಾವರದಲ್ಲಿ ಬಂದು ಕೂತದ್ದು, ಮೇಜು ತಿರುಗಿದ್ದು, ಸಮುದ್ರ ಬಲಗಿವಿಗೆ ಬಂದದ್ದು.

"ಬಟನ್ ನಡುಗ್ ಬಂದಿತ್ತಾ ನಿಮ್ದೂ?" ಸೋದರಮಾವನ ದನಿ ಬೇರೆಯೇ ಆಗಿತ್ತು.

"ಹೌದ್ ಮಾರಾಯ್ರೆ."

"ಅಯ್ಯೋ ಅಕ್ಕ, ನಮ್ಮ ಮುಂಬೈ ಹೋಟೆಲಂಗೂ ಅದೇ ಗೋಳ್! ಬಿಲ್ ಮಾಡುವ ಕಂಪ್ಯೂಟರಿಗೆ ಹೊಸ್ತ್ ಹಾಕಿರ್. ಕ್ಯಾಶಿಯರ್ ಮೂಲಿಗ್ ಒತ್ತುದ್, ಹವಾಮಾನ ಬಪ್ದ್. ಗಿರಾಕಿ ಬಿಲ್ ಕೇಂಡ್ರೆ ನಾವ್ ಮಳೆ ಬತ್ತ್ ಅಂದೇಳಿ ಹೇಳೂದಾ?"

ಆಮೇಲೆ ಇಬ್ಬರೂ ಸೇರಿ ಹೊಸ ಸಿಸ್ಟಮ್ಮಿನ ಜಾತಕ ಬಿಚ್ಚಿದರು. ಮೆನು ಸರಿಯಿಲ್ಲ, ಹಳೆಯದರಲ್ಲಿ ಒಂದೇ ಒತ್ತಿಗೆ ಆಗುತ್ತಿದ್ದದ್ದು ಈಗ ಎರಡು ಒತ್ತು, ಅಷ್ಟು ದೊಡ್ಡ ಕಂಪನಿಯಲ್ಲಿ ಕೌಂಟರಿನಲ್ಲಿ ಕೂತು ಗೊತ್ತಿದ್ದವರು ಒಬ್ಬರೂ ಇಲ್ಲವೇ ಇತ್ಯಾದಿ. ಬಟನ್ನನ್ನು ಎಡಕ್ಕೆ ತರುವ ದಾರಿಯನ್ನು ನಾನು ಪಕ್ಕದಿಂದ ಕೂಗಿ ಹೇಳಿದೆ. ಮುಂಬೈಗೆ ಫೋನಿನಲ್ಲೇ ಹೇಳಿ ಮಾಡಿಸುತ್ತೇನೆ ಎಂದರು, ಅವರಿಗೆ ಬಹಳ ಸಂತೋಷವಾಯಿತು.

ಕೊನೆಗೆ ಅವರಾಗಿಯೇ ಕೇಳಿದರು. "ಅದಿರ್ಲಿ. ಆ ಕೆರಾಡಿ ಮಾಣಿದ್ ಕಳ್ಸಿ ಕಾಂಬ."

ಅಕ್ಕ ಕನ್ನಡಕ ಹಾಕಿಕೊಂಡರು. ಬಲ ತುದಿಗೆ ಹೋದರು. ಫೋಟೋ ತೆರೆದು ನೋಡಿದರು, ನನಗೂ ತೋರಿಸಿದರು. ತೊಳೆದು ಮದುಮಗನ ಹಾಗೆ ಮಾಡಿದ ಜೀಪು, ಅದರ ಪಕ್ಕ ತೊಳೆದುಕೊಂಡು ನಿಂತ ಅವನು. ಕಳಿಸಿದರು.

ಹುಡುಗಿಯ ಕಡೆಯಿಂದ ಮೊದಲು ಬಂದ ಪ್ರಶ್ನೆ ಚಿರತೆಯದಲ್ಲ. "ಕೆರಾಡಿಯಂಗೆ ನೆಟ್ ಬತ್ತಾ?" ಅವಳದು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡುವ ಉದ್ಯೋಗ. ಹಾಗಾಗಿ ಮರುದಿನ ನಾನು ಕೆರಾಡಿಗೆ ಹೋದೆ. ಫೈಬರ್ ಲೈನು ಊರ ನಡುವಿನವರೆಗೆ ಬಂದಿತ್ತು, ಅಲ್ಲಿಂದ ಅವನ ಮನೆಗೆ ಎಳೆಸುವ ಏರ್ಪಾಡು ಮಾಡಿಸಿದೆ. ಫೋನಿನಲ್ಲಿ ವೇಗ ಅಳೆಯುವಾಗ ಅವನು ಪಕ್ಕದಲ್ಲೇ ನಿಂತು, "ಒಳ್ಳೇ ಇತ್ತಲ್ದಾ? ಬ್ರಹ್ಮಾವರದಷ್ಟ್ ಇತ್ತಲ್ದಾ?" ಎಂದು ಡಾಕ್ಟರನ್ನು ಕೇಳುವವರ ಹಾಗೆ ಕೇಳುತ್ತಲೇ ಇದ್ದ. ಬ್ರಹ್ಮಾವರಕ್ಕಿಂತ ಚೆನ್ನಾಗಿತ್ತು. ಜಾತಕವನ್ನು ಹೊಸ ಸಿಸ್ಟಮ್ಮಿನ ಬಾಯಲ್ಲಿ ಕೇಳಲಿಲ್ಲ, ಜೋಯಿಸರೇ ನೋಡಿ ಆಗಬಹುದು ಎಂದರು. ಹುಡುಗ ಹುಡುಗಿ ತಾವೇ ಫೋನಿನಲ್ಲಿ ಮಾತಾಡಿಕೊಂಡರು. ಶನಿವಾರ ಸೋದರಮಾವನ ಸವಾರಿ ಕೆರಾಡಿಗೆ ಮನೆ ನೋಡಲು ಬಂತು. ಊಟಕ್ಕೆ ಕೋಳಿ ಸುಕ್ಕ. ರುಚಿಯ ಬಗ್ಗೆ ಯಾರೂ ಬಾಯಿ ಬಿಡಬಾರದು ಎಂದು ಅಕ್ಕ ಎರಡೂ ಕಡೆಯವರಿಗೆ ಮೊದಲೇ ಹೇಳಿಟ್ಟಿದ್ದರು. ಎಲ್ಲರೂ ತಲೆ ತಗ್ಗಿಸಿ ತಿಂದರಂತೆ. ಭಾನುವಾರ ಸೋದರಮಾವ ಒಪ್ಪಿಗೆ ಹೇಳಿಯೇ ರೈಲು ಹತ್ತಿದರು.

ಅಂದಿನಿಂದ ಯಾರ ಸಿಸ್ಟಮ್ ಬದಲಿಸುವ ಮೊದಲೂ ನಾನು ಅವರು ಯಾವ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ ಎಂದು ನೋಡಿಕೊಳ್ಳುತ್ತೇನೆ. ಹಾಗೆ ನೋಡಿದ್ದರಿಂದಲೇ ಇನ್ನೊಂದು ಸಂಗತಿ ತಿಳಿಯಿತು. ಕುಂಭಾಶಿಯ ಯಜಮಾನರು ಕೌಂಟರಿನಲ್ಲಿ ಕೂರುವುದು ಮೂಡಿಗೆ ಮುಖ ಮಾಡಿ. ಹಾಗೆ ಕೂತವರಿಗೆ ಎಡಗಡೆ ಬಡಗು, ಬೆನ್ನಿನ ಕಡೆ ಪಡು. ಪರದೆಯ ಕೆಳಗಿನ ಎಡಮೂಲೆ ಅವರ ಪಾಲಿಗೆ ಯಾವತ್ತೂ ವಾಯವ್ಯವೇ, ನೈಋತ್ಯ ಅಲ್ಲವೇ ಅಲ್ಲ. ಬಟನ್ ಮೂಲೆಗೆ ಬಂದ ಮೇಲೆ ವ್ಯಾಪಾರ ಕುದುರಿದೆ ಎಂದು ಅವರು ನನಗೆ ಬನ್ಸ್, ಚಹಾ ಕೊಡಿಸಿದರು. ನಾನು ಬಾಯಿ ತೆರೆದದ್ದು ಬನ್ಸ್ ತಿನ್ನಲು ಮಾತ್ರ.

ನಿಶ್ಚಯದ ಮಾತು ಮುಗಿದ ಮೇಲೆ ಅಕ್ಕ ನನ್ನನ್ನು ತ್ರಾಸಿಗೆ ಕರೆಸಿದರು. ಕೆರಾಡಿಯ ಮಾಣಿಯೂ ಒಂದು ಬಾಟ್ಲಿ ಜೇನುತುಪ್ಪ ಹಿಡಿದು ಬಂದಿದ್ದ. ಫೋಲ್ಡರ್ ಸೇರಿಸುವುದನ್ನು ತಾನೇ ಕಣ್ಣಾರೆ ನೋಡಬೇಕು ಎಂದು ಅವನ ಆಸೆ. ಅಕ್ಕ ಬಡಗಿಗೆ ಮುಖ ಮಾಡಿ ಕೂತರು. ಎಡಗಡೆ ಸಮುದ್ರ ಸದ್ದು ಮಾಡುತ್ತಿತ್ತು. ಕೆಳಗೆ ಬ್ರಹ್ಮಾವರದ ಹುಡುಗಿಯ ಫೋಲ್ಡರನ್ನು ಒತ್ತಿ ಹಿಡಿದು ಮೇಲೆ ಬಲಕ್ಕೆ ಎಳೆಯತೊಡಗಿದರು.

ಮೌಸಿನ ಕೆಳಗೆ ಇಟ್ಟದ್ದು ಹಳೆ ಕ್ಯಾಲೆಂಡರಿನ ಒಂದು ರಟ್ಟು. ಅಷ್ಟು ದೂರಕ್ಕೆ ಅದು ಸಾಲಲಿಲ್ಲ. ಫೋಲ್ಡರು ಇನ್ನೂ ವಂಡ್ಸೆಯ ಹತ್ತಿರ ಇರುವಾಗಲೇ ರಟ್ಟು ಮುಗಿಯಿತು. ಬೆರಳು ಬಿಟ್ಟರೆ ಅದು ಅಲ್ಲೇ ಬೀಳುತ್ತದೆ. ಅಕ್ಕ ಬೆರಳು ಒತ್ತಿಕೊಂಡೇ, ಮತ್ತೆ ರಟ್ಟಿನ ನಡುವಿಗೆ ತರಲು ಮೌಸನ್ನು ಮೆಲ್ಲ ಎತ್ತಿದರು.

"ಇಷ್ಟ್ ದೂರ ಯಾವ ಹೆಣ್ಣನ್ನೂ ಎಳ್ದದ್ದಿಲ್ಲೆ ನಾನ್" ಎಂದರು.

ಮಾಣಿ ಎರಡು ಕೈಯಲ್ಲೂ ಜೇನಿನ ಬಾಟ್ಲಿ ಅವುಚಿಕೊಂಡು ಪರದೆಯ ಹತ್ತಿರ ಬಗ್ಗಿದ.

"ನಿಧಾನ ಅಕ್ಕ" ಎಂದ. "ಕೈ ಬಿಡ್ಬೇಡಿ. ಇನ್ ಒಂಚೂರೇ ಇತ್, ಕೆರಾಡಿ ಬಂತ್."